ಸೋಂಪಿನ ಹಠ

ಮೊದಲ ದಮ್ಮಿಗೇ ಗೊತ್ತಾಯಿತು, ನನ್ನ ವೇಪಿನ, ಆ ಬ್ಯಾಟರಿ ಸಿಗರೇಟಿನ, ಮೇಲೆ ಯಾರೋ ಕೈಯಾಡಿಸಿದ್ದಾರೆ ಎಂದು. ಫೀಜೋವಾ ಹಣ್ಣಿನ ರುಚಿ ಬರಬೇಕಾದಲ್ಲಿ ಸೋಂಪು ಬಂತು. ಅದೂ ಮುದುಕರು ಕೆಮ್ಮಿಗೆ ಚೀಪುವ ಕಪ್ಪು ಮಿಠಾಯಿಯ ಸೋಂಪು. ನಾಲಿಗೆಗೆ ಹತ್ತಿ, ಗಂಟಲಿಗೆ ಇಳಿದು, ಮೂಗಿಗೇರಿತು. ನಾನು ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಂಡು, ಕೈಯಲ್ಲಿದ್ದ ಸೌಟನ್ನೂ ಕೆಳಗಿಡದೆ ಅಡುಗೆಮನೆಯಿಂದ ಹೊರಗೆ ಬಂದೆ.

"ಹೋಹೇಪಾ!"

ನಮ್ಮ ಮರಾಯೆಯ, ಎಂದರೆ ಸಭಾಮನೆಯೂ ಊಟದ ಮನೆಯೂ ಇರುವ ನಮ್ಮ ಕುಲದ ಆವರಣದ, ಅಡುಗೆಮನೆಯ ಹಿಂದೆ, ಮಳೆನೀರಿನ ತೊಟ್ಟಿಯ ಪಕ್ಕ, ಒಂದು ಉದ್ದನೆಯ ಬೆಂಚು ಇದೆ. ಹೊಗೆ ಎಳೆಯುವವರಿಗೆ ಬಿಟ್ಟುಕೊಟ್ಟಿರುವುದು ಅದೊಂದೇ ಜಾಗ. ಸಭಾಮನೆಯಲ್ಲಿ ಹಿರಿಯರು ಎದ್ದುನಿಂತು ಏನೇ ಮಾತಾಡಲಿ, ಊರಿನ ನಿಜವಾದ ತೀರ್ಮಾನಗಳೆಲ್ಲ ಆಗುವುದು ಆ ಬೆಂಚಿನ ಮೇಲೆ. ಹೋಹೇಪಾ ಅಲ್ಲಿ ಕಾಲು ಚಾಚಿ ಕೂತಿದ್ದ. ಅವನು ನನ್ನ ಚಿಕ್ಕಪ್ಪನ ಮಗ. ಮಾರನೆಯ ದಿನ ಮಗಳ ಮದುವೆ ಇಟ್ಟುಕೊಂಡು, ಮಾಂಸ ಬೇಯಿಸುವ ಹಾಂಗಿಯ ಗುಂಡಿ ತೋಡುವುದು ಬಿಟ್ಟು, ತುಟಿಗೆ ಸಿಗರೇಟು ಸಿಕ್ಕಿಸಿಕೊಂಡು ಕೂತಿದ್ದ. ನನ್ನ ಮುಖ ನೋಡಿದ್ದೇ ತಡ, ಹೊಟ್ಟೆ ಹಿಡಿದುಕೊಂಡು ನಕ್ಕ.

"ಹೇಗಿದೆ ಅಕ್ಕಾ ರುಚಿ? ದಿನಾ ಅದೇ ಹಣ್ಣು, ನಿಂಗೆ ಬೇಜಾರಾಗಿರುತ್ತೆ ಅಂತ ಸ್ವಲ್ಪ ಬದಲಾಯ್ಸಿದೆ."

"ನಿನ್ ತಲೆ ಬದಲಾಯ್ಸು ಮೊದ್ಲು. ಏನೋ ಸುರಿದಿದೀಯ ಅದಕ್ಕೆ?"

"ಸೋಂಪಿನ ರಸ. ಅಳಿಯ ಆಗೋನು ಹೋದ್ ಸಲ ಬಂದಾಗ ತಂದಿದ್ದ. ಒಂದ್ ತೊಟ್ಟು ಅಷ್ಟೇ."

"ಒಂದ್ ತೊಟ್ಟೇನೋ? ಟ್ಯಾಂಕ್ ತುಂಬ ಇದೆ!"

"ಕೈ ಜಾರ್ತು."

ಬೆಂಚಿನವರೆಲ್ಲ ನಕ್ಕರು. ನಾನು ನಗಲಿಲ್ಲ. ಮಾವು, ದ್ರಾಕ್ಷಿ, ಅನಾನಸ್, ಯಾವುದನ್ನಾದರೂ ಹಾಕಿದ್ದರೆ ಎರಡು ಸಲ ಬಿಸಿನೀರಲ್ಲಿ ಜಾಲಿಸಿ ಮರೆತುಬಿಡಬಹುದಿತ್ತು. ಸೋಂಪು ಹಾಗಲ್ಲ. ಒಮ್ಮೆ ಒಳಗೆ ಬಂದರೆ ಬಾಡಿಗೆದಾರನಂತೆ ಬೇರೂರಿ ಕೂರುತ್ತದೆ. ಆಮೇಲೆ ಯಾವ ರಸ ತುಂಬಿದರೂ ಅದರ ಹಿಂದೆ ಸೋಂಪು ಇಣುಕುತ್ತದೆ. ವೇಪ್ ಎಳೆಯುವವರಿಗೆಲ್ಲ ಇದು ಗೊತ್ತು. ಹೋಹೇಪಾನಿಗೂ ಗೊತ್ತಿತ್ತು, ಅದಕ್ಕೇ ಹಾಕಿದ್ದ.

ಗಿಸ್ಬೋರ್ನ್ ಪಟ್ಟಣಕ್ಕೆ ಹೋಗಿ ವೇಪಿಗೆ ರಸ ತುಂಬುವ ಹೊಸ ಟ್ಯಾಂಕ್ ತರೋಣವೆಂದರೆ, ವಾರದ ಮಳೆಗೆ ಗುಡ್ಡ ಕುಸಿದು ದಕ್ಷಿಣದ ರಸ್ತೆ ಮುಚ್ಚಿತ್ತು. ಗಂಡಿನ ಕಡೆಯವರು ಉತ್ತರದಿಂದ ಬರುವವರು, ಅವರಿಗೇನೂ ತೊಂದರೆಯಿರಲಿಲ್ಲ. ತೊಂದರೆ ಇದ್ದದ್ದು ನನಗೆ.

"ಯಾಕಕ್ಕಾ ಇಷ್ಟೊಂದ್ ಕಷ್ಟ?" ಹೋಹೇಪಾ ತಂಬಾಕಿನ ಚೀಲ ನನ್ನ ಕಡೆ ಚಾಚಿದ. "ಆ ಆಟದ ಸಾಮಾನು ಎಸ್ದು ಒಂದು ಸುತ್ಕೋ. ನಮ್ ಹಳೇ ಹುಹಾನಾ ಅಕ್ಕ ವಾಪಸ್ ಬರ್ಲಿ. ಗ್ರೇವಿಗೂ ಉಪ್ಪು ವಾಪಸ್ ಬರುತ್ತೆ."

ಈ ಉಪ್ಪಿನ ಮಾತು ಹೇಳಲೇಬೇಕು. ನಮ್ಮ ಮರಾಯೆಯ ಗ್ರೇವಿ ಈ ಕರಾವಳಿಯಲ್ಲೆಲ್ಲ ಹೆಸರುವಾಸಿ. ಮೊದಲು ನಮ್ಮಮ್ಮ ಮಾಡುತ್ತಿದ್ದಳು, ಅವಳ ನಂತರ ಸೌಟು ನನ್ನ ಕೈಗೆ ಬಂತು. ನಾನು ಸಿಗರೇಟು ಬಿಟ್ಟು ಕೆಲವು ತಿಂಗಳಿಗೆ ಒಂದು ದಿನ ನನ್ನದೇ ಗ್ರೇವಿ ರುಚಿ ನೋಡಿ ಉಗುಳುವಂತಾಯಿತು. ಬಾಯಿಗಿಡಲಾಗದಷ್ಟು ಉಪ್ಪು! ಹದಿಹರೆಯದಿಂದ ಹೊಗೆ ಕುಡಿದು ಸತ್ತುಹೋಗಿದ್ದ ನಾಲಿಗೆ ಆಗ ಎದ್ದು ಕೂತಿತ್ತು. ಅಂದಿನಿಂದ ಉಪ್ಪು ಇಳಿಸಿದೆ. ಊರಿಗೆ ಊರೇ ಮುನಿಸಿಕೊಂಡಿತು. ಇಷ್ಟು ವರ್ಷ ಇಬ್ಬರು ಹೊಗೆಬುರುಕಿಯರ ನಾಲಿಗೆಗೆ ಹೊಂದಿಕೊಂಡ ಜನ, ಹುಹಾನಾ ಸಪ್ಪೆಯಾದಳು ಎಂದು ನನ್ನ ಎದುರಿಗೇ ಆಡಿಕೊಂಡರು.

ನಾನು ಚೀಲವನ್ನು ಸೌಟಿನಿಂದ ಪಕ್ಕಕ್ಕೆ ತಳ್ಳಿದೆ.

"ಸಭಾಮನೆ ಗೋಡೆ ನೋಡಿದೀಯೇನೋ?"

ಹೋಹೇಪಾ ನಗು ನಿಲ್ಲಿಸಿದ. ಗೋಡೆಯ ಮೇಲೆ ನಮ್ಮ ಸತ್ತವರ ಫೋಟೋಗಳಿವೆ. ಅಮ್ಮ ಇದ್ದಾಳೆ. ಅವಳ ಪಕ್ಕ ನನ್ನ ದೊಡ್ಡಕ್ಕ, ಅವಳ ಕೆಳಗೆ ಚಿಕ್ಕಕ್ಕ. ಮೂವರನ್ನೂ ತಿಂದದ್ದು ಒಂದೇ ರೋಗ. ಚಿಕ್ಕಕ್ಕನ ಫೋಟೋ ತೂಗುಹಾಕಿದ ದಿನ ಅದರ ಪಕ್ಕ ಒಂದು ಖಾಲಿ ಜಾಗ ಕಂಡೆ. ಸರಿಯಾಗಿ ಒಂದು ಚೌಕಟ್ಟಿನಷ್ಟು. ಹೊರಗೆ ಬಂದು ನನ್ನ ತಂಬಾಕಿನ ಚೀಲವನ್ನು ಹೊಳೆಗೆ ಎಸೆದೆ. ಆಮೇಲೆ ಪಟ್ಟ ಪಾಡು ನನಗೊಬ್ಬಳಿಗೇ ಗೊತ್ತು. ಈ ವೇಪ್ ಎಂಬ ಊರುಗೋಲು ಸಿಗದಿದ್ದರೆ ಅದೇ ವಾರ ಹೊಳೆಗಿಳಿದು ಆ ಚೀಲ ಹುಡುಕುತ್ತಿದ್ದೆ.

"ಅಲ್ಲಿಗ್ ಹೋಗೋಕೆ ನಂಗೆ ಆತುರ ಇಲ್ಲ ಕಣೋ" ಎಂದೆ. "ನಿಂಗಿದ್ರೆ ನೀನ್ ಹೋಗು. ಮಗಳ ಮದ್ವೆ ಮುಗಿಸ್ಕೊಂಡು ಹೋಗು."

ಹೇಳಿ ತಿರುಗಿ ಬಂದೆ.

ವೇಪನ್ನು ತೊಳೆಯಬೇಕಿತ್ತು. ಆದರೆ ಎಲ್ಲಿ? ಅಡುಗೆಮನೆಯಲ್ಲಿ ತೊಳೆಯುವ ಮಾತೇ ಇಲ್ಲ. ಬಾಯಿಗೆ ಕಚ್ಚಿಕೊಂಡು ಉಸಿರು ಎಳೆದು ಬಿಡುವ ವಸ್ತು ಅದು, ಮೈಗೆ ಸೇರಿದ್ದು. ಮೈಗೆ ಸೇರಿದ್ದನ್ನೂ ಊಟಕ್ಕೆ ಸೇರಿದ್ದನ್ನೂ ನಾವು ಬೆರೆಸುವವರಲ್ಲ. ಪಾತ್ರೆ ಒರೆಸುವ ಬಟ್ಟೆಯನ್ನು ಉಟ್ಟ ಬಟ್ಟೆಯ ಜೊತೆ ಒಗೆಯುವುದಿಲ್ಲ. ಅಡುಗೆಮನೆಯ ಸಿಂಕಿನಲ್ಲಿ ಕರವಸ್ತ್ರ ಜಾಲಿಸಿದ ಒಬ್ಬಳನ್ನು, ಅದೂ ಪಟ್ಟಣದ ಟೀಚರನ್ನು, ಇದೇ ಸೌಟು ತೋರಿಸಿ ಹೊರಗಟ್ಟಿದವಳು ನಾನು. ಹಾಗಾಗಿ ಒಂದು ಹಳೇ ಜಾಮ್ ಶೀಶೆ ತೆಗೆದುಕೊಂಡು ಸ್ನಾನದ ಕೋಣೆಗಳ ಕಡೆ ಹೋದೆ.

ಮೆಟ್ಟಿಲ ಮೇಲೆ ಕೂತು ಟ್ಯಾಂಕನ್ನು ಬಿಚ್ಚಿದೆ. ಗಾಜು, ಉಕ್ಕು, ಬಾಯಿಗಿಡುವ ತುದಿ, ರಸವನ್ನು ಕಾಯಿಸಿ ಆವಿ ಮಾಡುವ ಕಾಯಿಲ್, ರಬ್ಬರ್ ರಿಂಗುಗಳು. ಕಾಯಿಲನ್ನು ನೇರ ಕಸಕ್ಕೆ ಹಾಕಿದೆ. ಅದರೊಳಗಿನ ಹತ್ತಿ ಕುಡಿದದ್ದನ್ನು ಯಾವ ನೀರೂ ಬಿಡಿಸದು. ಕೈಚೀಲದಲ್ಲಿ ಹೊಸ ಕಾಯಿಲ್ ಒಂದಿತ್ತು, ಪುಣ್ಯ. ಗಾಜು ಮತ್ತು ಉಕ್ಕು ಸಂಭಾವಿತರು, ಸೋಪುನೀರಿಗೆ ಮಣಿದರು. ಕಳ್ಳರೆಂದರೆ ರಿಂಗುಗಳು. ರಬ್ಬರು ವಾಸನೆಯನ್ನು ಹೀರಿ ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ. ಮೂಗಿಗೆ ಹಿಡಿದು ನೋಡಿದರೆ ಸೋಂಪು ನನ್ನನ್ನೇ ನೋಡಿ ನಗುವಂತಿತ್ತು. ಶೀಶೆಯಲ್ಲಿ ಬಿಸಿನೀರು, ಅಡುಗೆ ಸೋಡಾ ಹಾಕಿ ಎಲ್ಲವನ್ನೂ ಅದರಲ್ಲಿ ಮುಳುಗಿಸಿ, ಸ್ನಾನದ ಕೋಣೆಯ ಕಿಟಕಿಯ ಮೇಲಿಟ್ಟೆ. ನೆನೆಯಲಿ. ಸಂಜೆಯೊಳಗೆ ಬಿಡದೆ ಎಲ್ಲಿ ಹೋಗುತ್ತದೆ?

ಅಡುಗೆಮನೆಗೆ ವಾಪಸ್ಸು ಬಂದೆ. ಗೆಣಸು ಸುಲಿಯುವವರು ಸುಲಿಯುತ್ತಿದ್ದರು, ರೊಟ್ಟಿ ಕರಿಯುವವರು ಕರಿಯುತ್ತಿದ್ದರು. ಗಂಡಿನ ಮನೆಯವರು ಅಂದು ಸಂಜೆಗೇ ಬರುವವರಿದ್ದರು, ಅವರಿಗೆಂದು ಮೊದಲ ಗ್ರೇವಿ ಇಟ್ಟಿದ್ದೆ. ರುಚಿ ನೋಡಿದೆ. ಉಪ್ಪಿಲ್ಲ, ಹುಳಿಯಿಲ್ಲ, ಮಾಂಸವಿಲ್ಲ. ಬರೀ ಸೋಂಪು. ಬಾಯಿ ಮುಕ್ಕಳಿಸಿ ಮತ್ತೆ ನೋಡಿದೆ. ಸೋಂಪು. ಜೊತೆಗೆ ಕೈ ನಡುಗಲು ಶುರುವಾಯಿತು. ಆ ಸೋಂಪಿನ ದಮ್ಮು ಬಿಟ್ಟರೆ ಬೆಳಗಿನಿಂದ ಏನೂ ಇಲ್ಲ, ಬೆಂಚಿನಿಂದ ಬರುವ ಹೊಗೆ ಕಿಟಕಿ ದಾಟಿ ನನ್ನ ಹೆಸರು ಕರೆಯುತ್ತಿತ್ತು.

ನನ್ನ ತಮ್ಮನ ಹೆಂಡತಿ ರಾವಿನಿಯಾ ಪಕ್ಕದಲ್ಲೇ ಕ್ಯಾರೆಟ್ ಹೆಚ್ಚುತ್ತಿದ್ದಳು. ಮರಾಯೆಯ ಸಮಿತಿಗೆ ಅವಳೇ ಅಧ್ಯಕ್ಷೆ. ಬಾಗಿಲಿಗೆ "ಹೊಗೆ ನಿಷೇಧ" ಎಂಬ ಹಲಗೆ ಹೊಡೆಸಿದವಳು, ಅದರ ಕೆಳಗೆ "ವೇಪ್ ಕೂಡ" ಎಂದು ಕೈಬರಹದಲ್ಲಿ ಸೇರಿಸಿದವಳು. ಜನ್ಮದಲ್ಲಿ ಒಂದು ಸಿಗರೇಟು ಮುಟ್ಟಿದವಳಲ್ಲ. ಬಿಡುವುದೆಂದರೆ ಏನೆಂದು ಅವಳಿಗೆ ಹೇಗೆ ತಿಳಿಯಬೇಕು?

"ಕೈ ನಡುಗ್ತಿದೆ ಅತ್ತಿಗೆ" ಎಂದಳು. "ಸೌಟು ನಾನ್ ಹಿಡೀಲಾ?"

"ನಿನ್ ಚಾಕು ಹಿಡ್ಕೊಂಡಿರು. ಬೆರಳು ಹೆಚ್ಕೊಂಡೀಯ."

"ನಾನ್ ಹೇಳಿದ್ದು ನಿಮ್ ಒಳ್ಳೇದಕ್ಕೇ. ಒಂದ್ ಚಟ ಬಿಟ್ಟು ಇನ್ನೊಂದ್ ಚಟ ಹಿಡ್ಕೊಂಡ್ರೆ ಏನ್ ಬಂತು?"

"ಉಸಿರು ಬಂತು ಕಣೇ. ಗುಡ್ಡ ಹತ್ತೋಷ್ಟು ಉಸಿರು ಬಂತು. ಸಾಕಾ?"

ಅವಳು ತುಟಿ ಬಿಗಿದುಕೊಂಡು ಕ್ಯಾರೆಟ್ಟನ್ನು ಜೋರಾಗಿ ಹೆಚ್ಚಿದಳು. ನಾನು ಸಿಹಿತಿಂಡಿಯ ಪಾಕ ನೋಡಲು ಉಗ್ರಾಣಕ್ಕೆ ಹೋದೆ. ಅಲ್ಲೇ ನಿಂತು ಸ್ವಲ್ಪ ಹೊತ್ತು ಗೋಡೆಗೆ ಒರಗಿದೆ. ಸಂಜೆಯವರೆಗೆ ತಡೆದುಕೋ ಹುಹಾನಾ, ಸಂಜೆಗೆ ರಿಂಗು ಶುದ್ಧವಾಗುತ್ತದೆ, ಎಂದು ನನಗೆ ನಾನೇ ಹೇಳಿಕೊಂಡೆ. ಆಗ ಕೇಳಿಸಿತು ರಾವಿನಿಯಾಳ ಕೂಗು.

ಓಡಿ ಬಂದು ನೋಡಿದರೆ, ಹಿಂದಿನ ಒಲೆಯ ಮುಂದೆ ಹೋಹೇಪಾ ನಿಂತಿದ್ದಾನೆ. ಕೈಯಲ್ಲಿ ನನ್ನ ಜಾಮ್ ಶೀಶೆ, ಖಾಲಿ. ಒಲೆಯ ಮೇಲೆ ಅಮ್ಮನ ಪಾತ್ರೆ. ತಳ ಕಪ್ಪಾಗಿ, ಅಂಚು ನೆಗ್ಗಿ, ಹಿಡಿಗೆ ತಂತಿ ಸುತ್ತಿದ ಆ ಅಲ್ಯೂಮಿನಿಯಂ ಪಾತ್ರೆಯಲ್ಲೇ ಮದುವೆ ದಿನದ ಗ್ರೇವಿ ಆಗಬೇಕು, ಅದು ನಮ್ಮಲ್ಲಿ ನಡೆದುಬಂದದ್ದು. ಈಗ ಅದರಲ್ಲಿ ನೀರು ಕುದಿಯುತ್ತಿತ್ತು. ನೀರಿನಲ್ಲಿ ನನ್ನ ಟ್ಯಾಂಕಿನ ಗಾಜು, ಬಾಯಿತುದಿ, ರಿಂಗುಗಳು ಕುಣಿಯುತ್ತಿದ್ದವು. ಇಡೀ ಅಡುಗೆಮನೆ ಸೋಂಪಿನ ಮಿಠಾಯಿ ಅಂಗಡಿಯಾಗಿತ್ತು.

"ಏನೋ ಇದು?" ಎಂದೆ. ದನಿ ನನ್ನದೆಂದು ನನಗೇ ಅನ್ನಿಸಲಿಲ್ಲ.

"ಎರಾನಾ ಬೈದ್ಲು ಅಕ್ಕಾ" ಎಂದ ಹೋಹೇಪಾ. ಎರಾನಾ ಎಂದರೆ ಮದುವಣಗಿತ್ತಿ, ಅವನ ಮಗಳು. "ಆಂಟಿ ಮತ್ತೆ ಸೇದೋಕೆ ಶುರು ಮಾಡಿದ್ರೆ ನಿನ್ ಕೈ ಹಿಡ್ಕೊಂಡು ಒಳಗ್ ಬರಲ್ಲ ಅಂದ್ಲು. ಅದಕ್ಕೆ, ಬೇಗ ಹೋಗ್ಲಿ ಅಂತ ಕುದಿಸ್ದೆ."

"ಆ ಪಾತ್ರೇಲಾ?"

"ಗೂಟದಲ್ಲಿ ಕೈಗ್ ಸಿಕ್ಕಿದ್ದು ಅದೇ."

"ಬಾಯಲ್ಲಿಟ್ಟು ಚೀಪೋ ಸಾಮಾನು!" ರಾವಿನಿಯಾ ಕೆನ್ನೆಗೆ ಕೈಯಿಟ್ಟುಕೊಂಡಳು. "ಎಂಜಲು! ಊಟದ ಪಾತ್ರೇಲಿ! ಎಳೇ ಮಗೂಗೂ ಗೊತ್ತಿರೋ ವಿಷ್ಯ ನಿಂಗ್ ಗೊತ್ತಿಲ್ವಾ?"

"ಚಮಚಾನೂ ಬಾಯಲ್ಲೇ ಇಡೋದು!" ಹೋಹೇಪಾ ಮೇಜಿನ ಮೇಲೆ ಕೂತು ವಾದಕ್ಕಿಳಿದ. "ಚಮಚ ಎಲ್ಲಿ ತೊಳೀತೀರಿ? ಸ್ನಾನದ ಮನೇಲಾ? ಇದೂ ಒಂದ್ ಚಮಚ ಅನ್ಕೊಳ್ಳಿ. ಹಣ್ಣಿನ್ ರಸ ಕುಡಿಯೋ ಚಮಚ."

"ಮೊದ್ಲು ಮೇಜಿಂದ ಇಳಿ! ಊಟ ಇಡೋ ಜಾಗದಲ್ಲಿ ಕುಂಡೆ ಊರ್ತಾನೆ!"

ಅವನು ಇಳಿದ. ಅಷ್ಟರಲ್ಲಿ ಯಾರೋ ಹೋಗಿ ರೂಪೆನೆ ಅಜ್ಜನನ್ನು ಕರೆತಂದಿದ್ದರು. ಅಜ್ಜ ಎಂದರೆ ನಮ್ಮ ಮರಾಯೆಯ ಹಿರಿಯ, ಯಾವುದು ತಾಪು ಎಂಬ ನಿಷೇಧಕ್ಕೆ ಸೇರಿದ್ದು, ಯಾವುದು ಮುಟ್ಟಬಹುದು, ಯಾವುದು ಕೂಡದು ಎಂದು ಕೊನೆಯ ಮಾತು ಹೇಳುವವನು. ಅವನು ಕೋಲೂರಿಕೊಂಡು ಬಂದು, ಕುರ್ಚಿಯ ಮೇಲೆ ಕೂತು, ಪಾತ್ರೆಯೊಳಗೆ ಇಣುಕಿ, ಮೂಗು ಸೊಟ್ಟ ಮಾಡಿದ.

"ಇದೇನು, ಊಟಾನಾ?"

"ಹೌದು ಅಜ್ಜಾ" ಎಂದ ಹೋಹೇಪಾ.

"ಅಲ್ಲ ಅಜ್ಜಾ" ಎಂದಳು ರಾವಿನಿಯಾ.

ಅಜ್ಜ ಇಬ್ಬರನ್ನೂ ಬಿಟ್ಟು ನನ್ನನ್ನು ನೋಡಿದ. "ಸಾಮಾನು ನಿಂದು. ನೀನ್ ಹೇಳು ಹುಹಾನಾ. ಇದು ಊಟದ್ದಾದ್ರೆ ಪಾತ್ರೆಗೇನೂ ಆಗಿಲ್ಲ. ತೊಳ್ದು ಗೂಟಕ್ ಹಾಕಿ. ಆದ್ರೆ ಊಟದ್ದು ನೀವೆಲ್ಲ ಮಲಗೋ ಸಭಾಮನೆ ಒಳಗ್ ಬರೋ ಹಾಗಿಲ್ಲ, ನಿಂಗೂ ಗೊತ್ತು. ಅದನ್ನ ಮಿಠಾಯಿ ಡಬ್ಬಿ ಜೊತೆ ನಿನ್ ಕಾರಲ್ಲಿಟ್ಟು ಬೀಗ ಹಾಕು, ಮದ್ವೆ ಮುಗಿಯೋವರ್ಗೂ ಅಲ್ಲೇ ಇರ್ಲಿ. ಮಿಠಾಯಿ ಇಲ್ದೆ ಎರಡ್ ದಿನ ಇರೋಕೆ ನೀನೇನ್ ಮಗೂನಾ? ಅಲ್ಲ, ಇದು ಮೈಗ್ ಸೇರಿದ್ದು ಅಂತೀಯಾ? ಹಾಗಾದ್ರೆ ಜೇಬಲ್ಲಿಟ್ಕೊ, ಯಾರೂ ಕೇಳಲ್ಲ. ಆದ್ರೆ ಪಾತ್ರೆ ಇವತ್ತೇ ಅಡುಗೆಮನೆ ಬಿಡುತ್ತೆ."

ಗೆಣಸು ಸುಲಿಯುವವರು ಚಾಕು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಊಟದ್ದು ಅಂದ್ಬಿಡಿ ಅತ್ತಿಗೆ" ಎಂದಳು ರಾವಿನಿಯಾ, ಮೆಲ್ಲಗೆ. ಈಗಷ್ಟೇ ಎಂಜಲೆಂದು ಕೂಗಿದವಳು! "ಅತ್ತೆ ಪಾತ್ರೆ ಅದು. ಅದಿಲ್ದೆ ನಾಳೆ ಗ್ರೇವಿ ಹೇಗೆ? ಎರಡ್ ದಿನ ಅದನ್ನ ಕಾರಲ್ಲಿಟ್ರೆ ಏನ್ ಗಂಟ್ ಹೋಗುತ್ತೆ?"

ಗೆಣಸು ಸುಲಿಯುವವರು, ರೊಟ್ಟಿ ಕರಿಯುವವರು, ಎಲ್ಲರೂ ತಲೆಯಾಡಿಸಿದರು. ಎಲ್ಲರಿಗೂ ಆ ಪಾತ್ರೆ ಬೇಕಿತ್ತು. ನನಗೆ ಬೇಡವಾಗಿತ್ತೇ? ಅಮ್ಮ ಅದರ ಮುಂದೆ ನಿಂತದ್ದು ಇವತ್ತಿಗೂ ನನ್ನ ಕಣ್ಣಿನಲ್ಲಿದೆ. ಎಡಗೈ ಸೊಂಟದ ಮೇಲೆ, ಬಲಗೈಯಲ್ಲಿ ಸೌಟು, ತುಟಿಯ ಮೂಲೆಯಲ್ಲಿ ಸಿಗರೇಟು. ಬೂದಿ ಉದ್ದವಾಗಿ ಬೆಳೆದು, ಬಾಗಿ, ಗ್ರೇವಿಗೆ ಉದುರುತ್ತಿತ್ತು. ನಾವು ಮಕ್ಕಳು ಕೂಗಿಕೊಂಡರೆ, "ಮೆಣಸಿನ ಪುಡಿ ಅನ್ಕೊಳ್ರೇ" ಎಂದು ತಿರುವುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಾವೂ ನಗುತ್ತಿದ್ದೆವು.

ಒಂದೇ ಒಂದು ಸುಳ್ಳು ಹೇಳಿದರೆ ಪಾತ್ರೆ ಉಳಿಯುತ್ತಿತ್ತು. ಆದರೆ ವೇಪ್ ಕಾರಿಗೆ ಹೋದರೆ ಮಾರನೆಯ ಮಧ್ಯಾಹ್ನದೊಳಗೆ ನಾನು ಬೆಂಚಿನ ಮೇಲೆ ಹೋಹೇಪಾನ ಚೀಲಕ್ಕೆ ಕೈ ಹಾಕಿರುತ್ತಿದ್ದೆ. ನನ್ನನ್ನು ನಾನು ಬಲ್ಲೆ. ಮೊದಲು ಒಂದು, ಮದುವೆಯ ಖುಷಿಗೆ. ಆಮೇಲೆ ಗೋಡೆ. ನನಗೆ ಹೇಳಲಾಗದಷ್ಟು ಸಿಟ್ಟು ಬಂತು. ಹೋಹೇಪಾನ ಮೇಲಲ್ಲ, ಅಜ್ಜನ ಮೇಲಲ್ಲ. ಅಲ್ಲಿ ತಲೆಯಾಡಿಸುತ್ತಿದ್ದ ಪ್ರತಿಯೊಬ್ಬರ ಮೇಲೆ.

"ಮಿಠಾಯಿ ಅಲ್ಲ ಅಜ್ಜಾ" ಎಂದೆ. "ಮೈಗ್ ಸೇರಿದ್ದು. ನನ್ ಉಸಿರಿಗ್ ಸೇರಿದ್ದು. ನಂಗೆ ಅದು ಜೇಬಲ್ಲೇ ಬೇಕು. ಪಾತ್ರೆ ಇಳಿಸ್ಕೊಳ್ಳಿ."

"ಅತ್ತಿಗೆ!"

"ಏನ್ ಅತ್ತಿಗೆ? ಇದೇ ಪಾತ್ರೆಗೆ ನಮ್ಮಮ್ಮನ್ ಬಾಯಿಂದ ಬೂದಿ ಉದುರ್ತಿತ್ತು. ಆವಾಗ ಯಾರಾದ್ರೂ ಕೆನ್ನೆಗ್ ಕೈ ಇಟ್ಕೊಂಡ್ರಾ? ಯಾರಾದ್ರೂ ಓಡೋಗಿ ಅಜ್ಜನ್ನ ಕರೆದ್ರಾ? ಬೂದಿ ಕಲಸಿದ್ ಗ್ರೇವಿ ಬೆರಳ್ ಚೀಪ್ಕೊಂಡ್ ತಿಂದ್ರಿ ಎಲ್ಲಾ. ಅದೇ ಬೂದಿ ಅಮ್ಮನ್ನೂ ತಿಂತು, ಅಕ್ಕಂದಿರನ್ನೂ ತಿಂತು. ಅದು ಮೈಲಿಗೆ ಆಗ್ಲಿಲ್ಲ. ನಾನ್ ಬದುಕೋಕೆ ಹಿಡ್ಕೊಂಡಿರೋ ಒಂದ್ ಕೋಲು ಮೈಲಿಗೆ ಆಯ್ತು!"

ರಾವಿನಿಯಾ ನೆಲ ನೋಡಿದಳು. ಅಜ್ಜ ಕೋಲಿನ ತುದಿಯನ್ನು ನೋಡಿದ. ಆ ಗ್ರೇವಿಯನ್ನು ಎಲ್ಲರಿಗಿಂತ ಹೆಚ್ಚು ಉಂಡವನು ಅವನೇ.

"ಮಾತು ಸರಿ ಇದೆ" ಎಂದ ಕೊನೆಗೆ. "ಆದ್ರೂ ಪಾತ್ರೆ ಹೋಗ್ಬೇಕು."

"ನಾನೇ ಒಯ್ತೀನಿ" ಎಂದೆ. ಬಟ್ಟೆ ಹಿಡಿದು ಪಾತ್ರೆಯನ್ನು ಒಲೆಯಿಂದ ಎತ್ತಿ, ಸೋಂಪುನೀರಿನ ಸಮೇತ ಹೊತ್ತುಕೊಂಡು ಹಿಂಬಾಗಿಲಿನಿಂದ ಹೊರಗೆ ಬಂದೆ. ಹೊರಗೆ ಬಂದ ಮೇಲೆ ಅತ್ತೆ. ಒಳಗೆ ಅಳುವುದು ನನ್ನಿಂದ ಆಗದ ಮಾತು.

ಬೆಂಚು ಖಾಲಿಯಿತ್ತು. ನೀರು ಚೆಲ್ಲಿ ಸಾಮಾನು ಆರಿಸಿಕೊಂಡೆ. ಗಾಜು ಸರಿ, ಉಕ್ಕು ಸರಿ. ರಿಂಗುಗಳು ಕುದಿದು ಕುದಿದು ಊದಿಕೊಂಡು, ಮುಟ್ಟಿದರೆ ಹರಿಯುವಂತಾಗಿದ್ದವು. ಇನ್ನು ಅವು ಯಾವುದಕ್ಕೂ ಕೂರುವುದಿಲ್ಲ. ಅಮ್ಮನ ಪಾತ್ರೆಯನ್ನು ಕೊಟ್ಟು ಉಳಿಸಿಕೊಂಡದ್ದು ಏನು ಹಾಗಾದರೆ? ರಸ ನಿಲ್ಲದ ಒಂದು ಗಾಜಿನ ಕೊಳವೆ. ನಗು ಬಂತು, ಮತ್ತೆ ಅಳು ಬಂತು.

ಹೋಹೇಪಾ ಬಂದು ಪಕ್ಕದಲ್ಲಿ ಕೂತ. ತನಗೆ ತಿಳಿದ ಒಂದೇ ಸಮಾಧಾನ ಮಾಡಿದ. ಸಿಗರೇಟು ಸುತ್ತಿ, ಅಂಟಿಸಿ, ನನ್ನ ಕೈಯಲ್ಲಿಟ್ಟ.

ನಾನು ಹಿಡಿದುಕೊಂಡೆ. ಮೂಗಿನ ಹತ್ತಿರ ತಂದೆ. ಹಸಿ ಹೊಗೆಸೊಪ್ಪಿನ ಆ ಸಿಹಿ ವಾಸನೆ! ಬೇಕು ಅನ್ನಿಸಿತು. ಹೊಟ್ಟೆಯಿಂದ, ಉಗುರಿನ ತುದಿಯಿಂದ ಬೇಕು ಅನ್ನಿಸಿತು. ಇಡೀ ದಿನದಲ್ಲಿ ಸೋಂಪನ್ನು ಒಂದೇ ಏಟಿಗೆ ಹೊಡೆದೋಡಿಸಿದ ವಾಸನೆ ಅದೊಂದೇ.

ಅದನ್ನು ಅವನ ಅಂಗಿಯ ಜೇಬಿಗೆ ಸಿಕ್ಕಿಸಿದೆ.

"ಇಟ್ಕೋ. ಪಾತ್ರೆ ಕೊಟ್ಟಿದೀನಿ ಕಣೋ ಇದಕ್ಕೆ. ಇನ್ನು ಸೇದಿದ್ರೆ ನಮ್ಮಮ್ಮನ್ ಪಾತ್ರೆನ ಸುಮ್ನೆ ಬಿಸಾಕ್ದಂಗೆ ಆಗುತ್ತೆ. ಬಿಡಲ್ಲ ನಾನು. ಸೋಂಪನ್ನೇ ಎಳೀತೀನಿ ಬೇಕಾದ್ರೆ, ಗಾಳೀನೇ ಎಳೀತೀನಿ."

ಅವನು ನನ್ನ ಅಂಗೈಯಲ್ಲಿದ್ದ ಊದಿದ ರಿಂಗುಗಳನ್ನು ನೋಡಿದ. ಬೆರಳಿನಿಂದ ಅಳೆದ. ಎದ್ದು ತನ್ನ ಗಾಡಿಯ ಕಡೆ ಹೋದ. ವಾಪಸ್ಸು ಬಂದಾಗ ಅವನ ಕೈಯಲ್ಲಿ ಸಿಗಡಿ ಹಿಡಿಯಲು ಸಮುದ್ರದಲ್ಲಿ ಮುಳುಗುವಾಗ ಒಯ್ಯುವ ಟಾರ್ಚ್ ಇತ್ತು. ತಲೆ ತಿರುಗಿಸಿ ಬಿಚ್ಚಿ, ಉಗುರಿನಿಂದ ಕಪ್ಪು ರಿಂಗುಗಳನ್ನು ಕಿತ್ತ. ದೊಡ್ಡದೊಂದು, ಸಣ್ಣದೊಂದು.

"ನೀರು ಒಳಗ್ ಬಿಡಲ್ಲ ಇವು" ಎಂದ. "ರಸ ಹೊರಗೆ ಬಿಡ್ತವಾ, ನೋಡು."

"ಇದಿಲ್ದೆ ನಿನ್ ಟಾರ್ಚ್ ಸಾಯುತ್ತಲ್ಲೋ."

"ಸಾಯ್ಲಿ ಬಿಡು. ಸಿಗಡಿಗಳು ನಿನ್ ಹೆಸರು ಹೇಳ್ಕೊಂಡು ಬದುಕ್ಕೊಳ್ತವೆ."

ಸಣ್ಣದು ಸರಿಯಾಗಿ ಕೂತಿತು. ದೊಡ್ಡದು ಚೂರು ಬಿಗಿ, ಒತ್ತಿ ಕೂರಿಸಿದೆ. ಹೊಸ ಕಾಯಿಲ್ ಹಾಕಿ, ಫೀಜೋವಾ ರಸ ತುಂಬಿ, ಹತ್ತಿ ನೆನೆಯಲೆಂದು ಮಡಿಲಲ್ಲಿಟ್ಟುಕೊಂಡು ಕಾದೆ. ಒಣ ಹತ್ತಿಗೆ ಬೆಂಕಿ ಕೊಟ್ಟರೆ ಸುಟ್ಟ ವಾಸನೆ ಸೇರಿಕೊಳ್ಳುತ್ತದೆ, ಅದು ಸೋಂಪಿಗಿಂತ ದೊಡ್ಡ ಹಠಮಾರಿ. ಹೋಹೇಪಾ ನನಗಿಂತ ಚಡಪಡಿಸುತ್ತಿದ್ದ. ಕೊನೆಗೆ ಎಳೆದೆ. ನಮ್ಮ ಹಿತ್ತಿಲಿನ ಹಣ್ಣು ಬಂತು, ಹಣ್ಣಾಗಿ ನೆಲಕ್ಕೆ ಬಿದ್ದು ಎರಡು ದಿನವಾದದ್ದು. ತೀರಾ ಕೊನೆಯಲ್ಲಿ ಎಲ್ಲೋ ಸೋಂಪಿನ ಒಂದು ಎಳೆ.

"ಹೋಯ್ತಾ?" ಎಂದ ಹೋಹೇಪಾ.

"ಪೂರ್ತಿ ಹೋಗಿಲ್ಲ. ಇರ್ಲಿ. ಅದೂ ಇರುತ್ತೆ, ನಾನೂ ಇರ್ತೀನಿ."

ಮಾರನೆಯ ದಿನ ಬೆಳಿಗ್ಗೆ ಉಗ್ರಾಣದಿಂದ ಹೊಳೆಯುವ ಸ್ಟೀಲ್ ಪಾತ್ರೆ ತೆಗೆದು ಗ್ರೇವಿಗಿಟ್ಟೆ. ಉಪ್ಪನ್ನು ನನ್ನ ನಾಲಿಗೆ ಹೇಳಿದಷ್ಟೇ ಹಾಕಿದೆ, ಒಂದು ಚಿಟಿಕೆಯೂ ಹೆಚ್ಚಿಲ್ಲ. ಮೇಜುಗಳ ಮೇಲಿದ್ದ ಉಪ್ಪಿನ ಡಬ್ಬಿಗಳನ್ನೆಲ್ಲ ಎತ್ತಿಸಿ ಉಗ್ರಾಣಕ್ಕೆ ಸೇರಿಸಿ ಬೀಗ ಹಾಕಿದೆ. ಎರಾನಾ ಅಪ್ಪನ ಕೈ ಹಿಡಿದುಕೊಂಡೇ ಅಂಗಳ ದಾಟಿ ಬಂದಳು. ಹಾಡಾಯಿತು, ಮಾತಾಯಿತು, ಹಾಂಗಿಯ ಮಣ್ಣು ಸರಿಸಿ ಮಾಂಸ ತೆಗೆದದ್ದಾಯಿತು, ಊಟದ ಮನೆ ತುಂಬಿತು.

"ಉಪ್ಪೆಲ್ಲಿ ಆಂಟಿ?" ಎಂದು ಮೊದಲ ಮೇಜಿನಿಂದ ಕೂಗು ಬಂತು.

"ಸ್ಟಾಕ್ ಇಲ್ಲ!" ಎಂದೆ, ಬಾಗಿಲಲ್ಲಿ ನಿಂತು.

"ಸಪ್ಪೆ ಇದೆ!"

"ನಿನ್ ನಾಲಿಗೆ ಸಪ್ಪೆ ಇದೆ. ತಿನ್ನು, ಎದ್ದು ಕೂರುತ್ತೆ!"

ನಕ್ಕರು, ಗೊಣಗಿದರು, ತಿಂದರು. ರಾವಿನಿಯಾ ಹೊಗಳಲಿಲ್ಲ. ಅವಳ ತಟ್ಟೆಯ ಮೇಲೆ ನಾನು ಕಣ್ಣಿಟ್ಟಿದ್ದೆ. ರೊಟ್ಟಿಯಿಂದ ತಳ ಒರೆಸಿ, ಯಾರಿಗೂ ಕಾಣದಂತೆ ಎರಡನೇ ಸಲ ಬಡಿಸಿಕೊಂಡಳು. ಅಷ್ಟು ಸಾಕು ನನಗೆ.

ಊಟ ಮುಗಿದ ಮೇಲೆ ಅಮ್ಮನ ಪಾತ್ರೆಯನ್ನು ಬೆಂಚಿನ ಹತ್ತಿರ ಒಯ್ದೆ. ನೀರಿನ ತೊಟ್ಟಿಯ ಕಂಬಕ್ಕೆ ಮೊಳೆ ಹೊಡೆದು, ತಂತಿ ಸುತ್ತಿದ ಹಿಡಿಯಿಂದ ತೂಗುಹಾಕಿದೆ. ಇನ್ನು ಮುಂದೆ ವೇಪ್ ತೊಳೆಯುವ ಪಾತ್ರೆ ಇದು, ನನ್ನದು ಮಾತ್ರವಲ್ಲ, ಸಿಗರೇಟು ಬಿಡಬೇಕೆನ್ನುವ ಯಾರದ್ದಾದರೂ ಸರಿ. ಸಮಿತಿ ಸಭೆ ಸೇರಿ ಏನಾದರೂ ಹೇಳುವುದಿದ್ದರೆ ಹೇಳಲಿ, ಇಲ್ಲೇ ಬಂದು ಹೇಳಲಿ, ನಾನು ಬೆಂಚಿನ ಮೇಲೆ ಸಿಗುತ್ತೇನೆ.

ಹೋಹೇಪಾ ಹೊಸ ಸೂಟಿನಲ್ಲಿ ಬಂದು ಉಸ್ಸೆಂದು ಕೂತ. ನಿನ್ನೆಯ ಸಿಗರೇಟನ್ನು ಜೇಬಿನಿಂದ ತೆಗೆದು ಹಚ್ಚಿದ. ನಾನು ನನ್ನದನ್ನು ಎಳೆದೆ. ಇಬ್ಬರೂ ಮದುವೆಯ ಗದ್ದಲ ಕೇಳುತ್ತಾ ಕೂತೆವು. ಅವನ ಸಿಗರೇಟಿನ ಬೂದಿ ಉದ್ದವಾಗಿ ಬೆಳೆದು, ಬಾಗಿತು. ಅದನ್ನು ಉದುರಿಸಲು ಅವನ ಕೈ ತಾನಾಗಿ ಪಕ್ಕದಲ್ಲಿ ತೂಗುತ್ತಿದ್ದ ಪಾತ್ರೆಯ ಕಡೆ ಹೋಯಿತು.

ನಾನು ಅವನ ಮಣಿಕಟ್ಟು ಹಿಡಿದೆ.

"ಬೇಡ" ಎಂದೆ. "ಈ ಪಾತ್ರೆಗೆ ಬಿದ್ದಿರೋ ಬೂದಿ ಸಾಕು."

ಅವನು ಪಾತ್ರೆಯನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಕೈ ಹಿಂದಕ್ಕೆಳೆದುಕೊಂಡು ಬೂದಿಯನ್ನು ತನ್ನ ಅಂಗೈಗೇ ತಟ್ಟಿಕೊಂಡ.